ವಾರಕ್ಕೊಮ್ಮೆ ಎಂಬ ಕಟ್ಟಳೆ: ಮೆಥೊಟ್ರೆಕ್ಸೇಟ್‌ನ ಬಳಕೆ ಮತ್ತು ಸುರಕ್ಷತೆ

ಬೆರಳ ಗಂಟುಗಳು ಊದಿಕೊಂಡು ಬೆಳಗಿನ ಹೊತ್ತು ರೊಟ್ಟಿ ತಟ್ಟಲಾಗದೆ ಕಷ್ಟಪಡುವ ಹೆಂಗಸಿಗೆ ಸಂಧಿವಾತದ ವೈದ್ಯರು ಬರೆದುಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಮೊಣಕಾಲ ಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆ ಬಂದ ಹದಿನಾರರ ಹುಡುಗನಿಗೆ ಅದೇ ಔಷಧವನ್ನು ನಾಲ್ಕು ಗಂಟೆಗಳಲ್ಲಿ ರಕ್ತನಾಳಕ್ಕೆ ಹರಿಸುವಾಗ ಅದರ ಪ್ರಮಾಣ 18ರಿಂದ 20 ಸಾವಿರ ಮಿಲಿಗ್ರಾಂ ಆಗಬಹುದು. ಹುಡುಗ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಮನೆಗೆ ಹೋಗುತ್ತಾನೆ. ಆ ಹೆಂಗಸು ವಾರಕ್ಕೊಮ್ಮೆ ನುಂಗಬೇಕಾದ 10 ಮಿಲಿಗ್ರಾಂ ಮಾತ್ರೆಯನ್ನು ತಪ್ಪು ತಿಳಿದು ದಿನಾ ನುಂಗುತ್ತ ಹೋದರೆ, ಒಂದೆರಡು ವಾರದೊಳಗೆ ಪ್ರಾಣಕ್ಕೇ ಸಂಚಕಾರ ಬರಬಹುದು. ಒಟ್ಟು ಸೇರಿಸಿದರೂ ನೂರೈವತ್ತು ಮಿಲಿಗ್ರಾಂ ದಾಟಿರುವುದಿಲ್ಲ.

ಮೆಥೊಟ್ರೆಕ್ಸೇಟ್ ಬಗ್ಗೆ ಮಾತಾಡುವಾಗ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ಎಪ್ಪತ್ತೈದು ವರ್ಷಗಳಿಂದ ಬಳಕೆಯಲ್ಲಿರುವ ಈ ಕೀಮೋ ಔಷಧ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ, ಭಾರತದ ಪಟ್ಟಿಯಲ್ಲೂ ಇದೆ. ಬೆಲೆ ಅಗ್ಗ. ರಕ್ತದ ಕ್ಯಾನ್ಸರ್ ಬಂದ ಮಗುವಿಗೂ ಇದೇ, ಬಾಯಿ ಕ್ಯಾನ್ಸರ್‌ನ ಕೊನೆಯ ಹಂತದ ರೈತನಿಗೂ ಇದೇ, ಸೋರಿಯಾಸಿಸ್‌ಗೂ ಇದೇ, ಗರ್ಭನಾಳದಲ್ಲಿ ಗರ್ಭ ನಿಂತಾಗ ಶಸ್ತ್ರಚಿಕಿತ್ಸೆ ತಪ್ಪಿಸಲೂ ಇದೇ. ಇಷ್ಟು ಬಗೆಯ ರೋಗಿಗಳ ಕೈಗೆ ಹೋಗುವ ಕೀಮೋ ಔಷಧ ಬೇರೊಂದಿಲ್ಲ ಎಂದೇ ಹೇಳಬಹುದು. ಇದು ಎಷ್ಟು ಸುರಕ್ಷಿತ ಎಂಬ ಪ್ರಶ್ನೆಗೆ ಮಿಲಿಗ್ರಾಂ ಲೆಕ್ಕದಲ್ಲಿ ಉತ್ತರ ಹುಡುಕಿದರೆ ದಾರಿ ತಪ್ಪುತ್ತೇವೆ. ಔಷಧ ಮೈಯಲ್ಲಿ ಎಷ್ಟು ಹೊತ್ತು ಉಳಿಯಿತು, ಅದನ್ನು ಹೊರಹಾಕುವ ಮೂತ್ರಪಿಂಡ ಹೇಗಿತ್ತು, ಮುಂದಿನ ಡೋಸ್ ಯಾವ ದಿನ ಎಂಬುದನ್ನು ರೋಗಿಗೆ ಯಾರಾದರೂ ತಿಳಿಯುವಂತೆ ಹೇಳಿದರೇ ಎಂಬಲ್ಲಿ ಉತ್ತರವಿದೆ.

ಜೀವಕೋಶ ಎರಡಾಗಿ ಒಡೆಯುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಕಚ್ಚಾವಸ್ತು ತಯಾರಾಗಲು ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವ ಅಗತ್ಯ. ಊಟದಿಂದ ಬಂದ ಫೋಲೇಟನ್ನು ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ ಬಳಕೆಗೆ ಯೋಗ್ಯವಾದ ರೂಪಕ್ಕೆ ತರುತ್ತದೆ. ರಚನೆಯಲ್ಲಿ ಫೋಲಿಕ್ ಆಸಿಡ್ಡನ್ನೇ ಹೋಲುವ ಮೆಥೊಟ್ರೆಕ್ಸೇಟ್ ಆ ಕಿಣ್ವಕ್ಕೆ ಬಿಗಿಯಾಗಿ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ಒಡೆಯಲು ಹೊರಟ ಕೋಶಗಳು ಸಾಯುತ್ತವೆ. ಕ್ಯಾನ್ಸರ್ ಕೋಶಗಳು ಬಿಡುವಿಲ್ಲದೆ ಒಡೆಯುತ್ತವೆ, ನಿಜ. ಆದರೆ ಮೂಳೆಯೊಳಗಿನ ಮಜ್ಜೆಯ ಕೋಶಗಳೂ, ಬಾಯಿ ಮತ್ತು ಕರುಳಿನ ಒಳಪೊರೆಯ ಕೋಶಗಳೂ, ಗರ್ಭದಲ್ಲಿರುವ ಶಿಶುವಿನ ಕೋಶಗಳೂ ಹಾಗೆಯೇ ಒಡೆಯುತ್ತಿರುತ್ತವೆ.

ಯಾವುದೇ ಒಂದು ದಿನ ಮಜ್ಜೆಯ ಕೋಶಗಳಲ್ಲಿ ಒಂದು ಪಾಲು ಮಾತ್ರ ಒಡೆಯುವ ಹಂತದಲ್ಲಿರುತ್ತದೆ. ಔಷಧ ಒಂದೇ ದಿನ ಬಂದು ಹೋದರೆ ಆ ಪಾಲಿಗಷ್ಟೇ ಏಟು. ಉಳಿದವು ಮುಂದಿನ ಆರು ದಿನಗಳಲ್ಲಿ ನಷ್ಟ ತುಂಬಿಕೊಡುತ್ತವೆ. ದಿನಾ ಬಂದರೆ, ಎಷ್ಟೇ ಸಣ್ಣ ಪ್ರಮಾಣದಲ್ಲಿ ಬಂದರೂ, ಸರದಿಯಲ್ಲಿ ಬರುವ ಪ್ರತಿ ಕೋಶವೂ ಸಿಕ್ಕಿಬೀಳುತ್ತದೆ. ಸಣ್ಣ ಡೋಸಿನ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ, ಮೂತ್ರಪಿಂಡ ಸೋತ ರೋಗಿಯಲ್ಲಿ ವಾರಕ್ಕೊಂದೇ ಮಾತ್ರೆಯೂ ದಿನಗಟ್ಟಲೆ ರಕ್ತದಲ್ಲಿ ಉಳಿದು ದಿನಾ ನುಂಗಿದಷ್ಟೇ ಹಾನಿ ಮಾಡಬಲ್ಲದು. ಮುಂದೆ ಹೇಳುವುದಕ್ಕೆಲ್ಲ ಇದೇ ಆಧಾರ.

ಈ ಔಷಧದ ಚರಿತ್ರೆಯಲ್ಲಿ ಭಾರತಕ್ಕೆ ಎರಡು ನಂಟುಗಳಿವೆ. 1920ರ ದಶಕದ ಕೊನೆಗೆ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಮುಂಬಯಿಗೆ ಬಂದು, ಗಿರಣಿ ಕೆಲಸದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟ್‌ನಲ್ಲಿರುವ ಯಾವುದೋ ಅಂಶ ಅದನ್ನು ಗುಣಪಡಿಸುತ್ತದೆ ಎಂದು ತೋರಿಸಿದರು. ಅದೇ ಮುಂದೆ ಫೋಲಿಕ್ ಆಸಿಡ್ ಎಂದು ಗೊತ್ತಾಯಿತು. ಎರಡನೆಯ ನಂಟು ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಹಾರ್ವರ್ಡ್‌ನಲ್ಲಿ ದುಡಿದೂ ಖಾಯಂ ಹುದ್ದೆ ಸಿಗದೆ ಅವರು ಲೆಡರ್ಲೆ ಕಂಪನಿಯ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಸಿಡ್ಡನ್ನು ಕೃತಕವಾಗಿ ತಯಾರಿಸಿತು, ಆಮೇಲೆ ಅದಕ್ಕೆ ಎದುರಾಗಿ ಕೆಲಸಮಾಡುವ ಅಮಿನೊಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್‌ಗಳನ್ನೂ ತಯಾರಿಸಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಅನ್ನು ರಕ್ತದ ಕ್ಯಾನ್ಸರ್‌ನ 16 ಮಕ್ಕಳಿಗೆ ಕೊಟ್ಟರು. ಅವರಲ್ಲಿ 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡರು. ವರದಿ ಪ್ರಕಟವಾದದ್ದು 1948ರ ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಅಮಿನೊಪ್ಟೆರಿನ್‌ಗಿಂತ ಮೆಥೊಟ್ರೆಕ್ಸೇಟನ್ನು ಹದದಲ್ಲಿಡುವುದು ಸುಲಭವೆಂದು ಕಂಡುಬಂದು ಅದೇ ಉಳಿಯಿತು. ನಮ್ಮ ಶಾಲಾ ಪುಸ್ತಕಗಳು ಸುಬ್ಬರಾವ್ ಅವರಿಗೆ ಇನ್ನೂ ಹೆಚ್ಚು ಜಾಗ ಕೊಡಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫಾರ್ಬರ್ ಕಂಡದ್ದು ತಾತ್ಕಾಲಿಕ ಚೇತರಿಕೆ. ಪೂರ್ತಿ ಗುಣವಾಗುವುದನ್ನು ಮೊದಲು ಕಂಡವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್. ಗರ್ಭದ ಮಾಸಿನಿಂದ ಹುಟ್ಟುವ ಕೋರಿಯೊಕಾರ್ಸಿನೋಮ ಎಂಬ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ ಹೆಂಗಸರಿಗೆ 1956ರ ಸುಮಾರಿಗೆ ಅವರು ಮೆಥೊಟ್ರೆಕ್ಸೇಟ್ ಕೊಟ್ಟರು. ಗಡ್ಡೆ ಎಕ್ಸ್‌ರೇಯಲ್ಲಿ ಮಾಯವಾದ ಮೇಲೂ ಮೂತ್ರದಲ್ಲಿ ಗರ್ಭದ ಹಾರ್ಮೋನು ಕಾಣುತ್ತಿದ್ದರೆ, ಅದು ಇಲ್ಲವಾಗುವವರೆಗೂ ಚಿಕಿತ್ಸೆ ಬಿಡಬಾರದು ಎಂಬುದು ಲಿಯವರ ವಾದ. ರೋಗಿಗಳಿಗೆ ಅನಗತ್ಯವಾಗಿ ವಿಷ ಕೊಡುತ್ತಿದ್ದಾರೆಂಬ ಆಕ್ಷೇಪ ಎದ್ದು ಅವರು ಕೆಲಸ ಕಳೆದುಕೊಂಡರು. ಅವರ ಮಾತು ಕೇಳಿದ ಹೆಂಗಸರು ಬದುಕುಳಿದರು. 1972ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಇಂದು ಕಡಿಮೆ ಅಪಾಯದ ಗುಂಪಿನ ಈ ರೋಗದಲ್ಲಿ ಒಂದು ದಿನ ಮೆಥೊಟ್ರೆಕ್ಸೇಟ್, ಮರುದಿನ ಫೋಲಿನಿಕ್ ಆಸಿಡ್ ಎಂದು ಎಂಟು ದಿನಗಳ ಸುತ್ತುಗಳಲ್ಲಿ ಕೊಡುವುದು ರೂಢಿ. ಸಾಕಷ್ಟು ಮಂದಿಗೆ ಬೇರೆ ಔಷಧಕ್ಕೆ ಬದಲಾಗಬೇಕಾಗುತ್ತದೆ, ಆದರೆ ಹೆಚ್ಚು ಕಡಿಮೆ ಎಲ್ಲರೂ ಗುಣವಾಗುತ್ತಾರೆ, ಮುಂದೆ ಮಕ್ಕಳನ್ನೂ ಹೆರುತ್ತಾರೆ.

ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ, ಅಂದರೆ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯದಲ್ಲಿ, ಮೆಥೊಟ್ರೆಕ್ಸೇಟ್ ಮೂರು ದಾರಿಯಲ್ಲಿ ಹೋಗುತ್ತದೆ: ರಕ್ತನಾಳಕ್ಕೆ, ಬೆನ್ನಿಗೆ, ಬಾಯಿಗೆ. ಸಾಮಾನ್ಯ ಡೋಸಿನಲ್ಲಿ ಈ ಔಷಧ ಮೆದುಳಿಗೆ ತಲುಪುವುದಿಲ್ಲ. ಕ್ಯಾನ್ಸರ್ ಕೋಶಗಳು ಅಲ್ಲಿ ಅಡಗಿ ಉಳಿಯಬಾರದೆಂದು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ನೇರವಾಗಿ ಸೂಜಿಯಲ್ಲಿ ಕೊಡುತ್ತಾರೆ. ಇದರ ಡೋಸ್ ಮಗುವಿನ ತೂಕದ ಮೇಲೆ ನಿಲ್ಲುವುದಿಲ್ಲ, ವಯಸ್ಸಿನ ಮೇಲೆ ನಿಲ್ಲುತ್ತದೆ. ಮೂರು ವರ್ಷ ದಾಟಿದ ಮಗುವಿಗೆ 12 ಮಿಲಿಗ್ರಾಂ. ಸಂರಕ್ಷಕ ರಾಸಾಯನಿಕ ಬೆರೆಸದ ಔಷಧವನ್ನೇ ಇದಕ್ಕೆ ಬಳಸಬೇಕು. ಕೆಲವು ಮಕ್ಕಳಿಗೆ ಕೆಲ ದಿನಗಳ ಬಳಿಕ ಲಕ್ವ ಹೊಡೆದಂತೆ ಕೈಕಾಲು ಸೋಲುವುದುಂಟು, ಮಾತು ತೊದಲುವುದುಂಟು. ತಂದೆತಾಯಿ ಜೀವ ಕೈಯಲ್ಲಿ ಹಿಡಿದು ಓಡಿಬರುತ್ತಾರೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಹೋಗುತ್ತದೆ.

ಬೆನ್ನಿನ ಇಂಜೆಕ್ಷನ್ನಿನ ಅತಿ ದೊಡ್ಡ ಅಪಾಯ ಮಾತ್ರ ಮೆಥೊಟ್ರೆಕ್ಸೇಟ್‌ನಿಂದ ಬರುವುದೇ ಅಲ್ಲ. ಅದೇ ದಿನ ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಸಿರಿಂಜು ಕೈತಪ್ಪಿ ಬೆನ್ನಿಗೆ ಹೋದರೆ ಮಗು ಬದುಕುವುದು ತೀರಾ ಅಪರೂಪ. ಜಗತ್ತಿನ ಹಲವು ದೇಶಗಳಲ್ಲಿ ಇಂಥ ಸಾವುಗಳಾದ ಮೇಲೆ, ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನಲ್ಲಿ ಇಡಲೇಬೇಡಿ, ಸಲೈನ್‌ನ ಸಣ್ಣ ಚೀಲದಲ್ಲಿ ಬೆರೆಸಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಚೀಲವನ್ನು ಯಾರೂ ಬೆನ್ನಿನ ಸೂಜಿಗೆ ಜೋಡಿಸಲು ಹೋಗುವುದಿಲ್ಲ. ಸಿಬ್ಬಂದಿಯ ಎಚ್ಚರವನ್ನು ನೆಚ್ಚುವುದಕ್ಕಿಂತ ತಪ್ಪು ನಡೆಯಲಾಗದಂತೆ ಸಲಕರಣೆಯನ್ನೇ ಬದಲಿಸಿದ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ಮೂರನೆಯ ದಾರಿ ಬಾಯಿಯದು. ಆಸ್ಪತ್ರೆಯ ಕಠಿಣ ಹಂತಗಳು ಮುಗಿದ ಮೇಲೆ ಸುಮಾರು ಎರಡು ವರ್ಷ ಮಗು ಮನೆಯಲ್ಲೇ ಮಾತ್ರೆ ನುಂಗಬೇಕು: 6-ಮರ್ಕ್ಯಾಪ್ಟೊಪ್ಯೂರಿನ್ ದಿನಾ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಶಾಲೆಗೆ ಹೋಗಿ ಬರುವ, ಆಡಿ ನಲಿಯುವ ಮಗುವಿಗೆ ಇನ್ನೂ ಯಾಕೆ ಔಷಧ ಎಂದು ನಿಲ್ಲಿಸಿಬಿಟ್ಟರೆ ರೋಗ ಮರಳುತ್ತದೆ. ಎರಡು ಮಾತ್ರೆಗಳ ಲಯ ಅದಲುಬದಲಾದರೆ ಮಜ್ಜೆ ಕುಸಿಯುತ್ತದೆ. ಶ್ರೀಮಂತ ದೇಶಗಳಲ್ಲಿ ಈ ರೋಗದ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಗುಣವಾಗುತ್ತಾರೆ. ಆ ಫಲದ ದೊಡ್ಡ ಪಾಲು, ವೈದ್ಯರ ಕಣ್ಣಿಗೆ ಬೀಳದ ಈ ಎರಡು ವರ್ಷಗಳಲ್ಲಿ ಅಡುಗೆಮನೆಯಲ್ಲಿ ನಿಂತು ಮಾತ್ರೆ ಕೊಡುವ ತಾಯಿಗೆ ಸೇರಬೇಕು. ಹಾಗಿರುವಾಗ ಅವಳಿಗೆ ಕೊಡುವ ಚೀಟಿ ಅವಳು ಓದಬಲ್ಲ ಅಕ್ಷರದಲ್ಲಿ ಇರಬೇಡವೇ?

ದೊಡ್ಡ ಡೋಸಿನ ಮೆಥೊಟ್ರೆಕ್ಸೇಟ್ ಬೇರೆಯದೇ ಲೋಕ. ಮೂಳೆಯ ಆಸ್ಟಿಯೊಸಾರ್ಕೋಮ, ಮೆದುಳಿನ ಲಿಂಫೋಮ, ಮಕ್ಕಳ ಲ್ಯುಕೇಮಿಯದ ಕೆಲವು ಹಂತಗಳಲ್ಲಿ ಇದನ್ನು ಗ್ರಾಂಗಳ ಲೆಕ್ಕದಲ್ಲಿ ಕೊಡುತ್ತಾರೆ. ಆಸ್ಟಿಯೊಸಾರ್ಕೋಮದಲ್ಲಿ ಮೈಯ ಪ್ರತಿ ಚದರ ಮೀಟರಿಗೆ 12 ಗ್ರಾಂ. ಇದನ್ನು ಸಾಧ್ಯವಾಗಿಸಿದ್ದು ಲ್ಯೂಕೊವೊರಿನ್, ಅಂದರೆ ಫೋಲಿನಿಕ್ ಆಸಿಡ್. ಮೆಥೊಟ್ರೆಕ್ಸೇಟ್ ಮುಚ್ಚಿದ ಬಾಗಿಲನ್ನು ಬಳಸಿಕೊಂಡು ಹಿಂಬದಿಯಿಂದ ಇದು ಒಳಗೆ ಬಂದು ಒಳ್ಳೆಯ ಕೋಶಗಳಿಗೆ ಫೋಲೇಟ್ ಒದಗಿಸುತ್ತದೆ. ಔಷಧ ಆರಂಭಿಸಿದ 24 ಗಂಟೆಯ ಆಸುಪಾಸಿಗೆ ಲ್ಯೂಕೊವೊರಿನ್ ಶುರುವಾಗಬೇಕು. ಆರು ಗಂಟೆಗೊಮ್ಮೆ, ರಾತ್ರಿ ಎರಡಾಗಲಿ ಮೂರಾಗಲಿ, ತಪ್ಪುವಂತಿಲ್ಲ. ತಡವಾದರೆ ಮಜ್ಜೆಯನ್ನು ಉಳಿಸಿಕೊಳ್ಳುವ ಹೊತ್ತು ಮೀರಿಹೋಗುತ್ತದೆ.

ಆ ವಾರ್ಡಿನಲ್ಲಿ ಎಲ್ಲರ ಗಮನ ಮೂತ್ರದ ಮೇಲೆ. ಮೂತ್ರ ಆಮ್ಲೀಯವಾಗಿದ್ದರೆ ಮೆಥೊಟ್ರೆಕ್ಸೇಟ್ ಹರಳುಗಟ್ಟಿ ಮೂತ್ರಪಿಂಡದ ಸಣ್ಣ ನಾಳಗಳನ್ನು ಕಟ್ಟಿಹಾಕುತ್ತದೆ. ಪಿಎಚ್ 6ರಿಂದ 7ಕ್ಕೆ ಏರಿದರೆ ಅದು ಐದರಿಂದ ಎಂಟು ಪಟ್ಟು ಹೆಚ್ಚು ಕರಗುತ್ತದೆ. ಅದಕ್ಕಾಗಿ ಹಿಂದಿನ ದಿನದಿಂದಲೇ ಸಲೈನ್ ಜೊತೆ ಸೋಡಾ ಬೈಕಾರ್ಬನೇಟ್ ಹರಿಸುತ್ತಾರೆ. ಪ್ರತಿ ಸಲ ಮೂತ್ರ ಹಿಡಿದು, ಅಳತೆ ಬರೆದು, ಬಣ್ಣ ಬದಲಿಸುವ ಪಟ್ಟಿ ಅದ್ದಿ ನೋಡುತ್ತಾರೆ. ಪಟ್ಟಿಯ ಬಣ್ಣ ನೋಡುವುದನ್ನು ನರ್ಸುಗಳಿಂದ ಕಲಿತು, ಪಿಎಚ್ ಇಳಿದ ಕೂಡಲೇ ಕರೆಯುವ ತಾಯಂದಿರು ಇದ್ದಾರೆ. ಇಷ್ಟೆಲ್ಲ ಮಾಡಿಯೂ ನೂರರಲ್ಲಿ ಕೆಲವರಿಗೆ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಆಗ ಔಷಧ ಹೊರಹೋಗುವ ದಾರಿಯೇ ಮುಚ್ಚಿ, ಒಳಗಿರುವ ಔಷಧ ಮತ್ತಷ್ಟು ಹಾನಿ ಮಾಡುತ್ತದೆ. ರಕ್ತದಲ್ಲಿ ಉಳಿದ ಮೆಥೊಟ್ರೆಕ್ಸೇಟನ್ನೇ ತುಂಡರಿಸುವ ಗ್ಲುಕಾರ್ಪಿಡೇಸ್ ಎಂಬ ಕಿಣ್ವಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ನಮ್ಮ ಸಾಮಾನ್ಯ ರೋಗಿಯ ಕೈಗೆ ಎಟುಕುವಂಥದ್ದಲ್ಲ.

ಇನ್ನೊಂದು ಅಪಾಯ ತೀರಾ ಸಾಮಾನ್ಯವಾಗಿ ಕಾಣುವ ಮಾತ್ರೆಗಳಿಂದ ಬರುತ್ತದೆ. ನಮ್ಮ ಕಡೆ ಯಾವ ಚೀಟಿ ಬರೆದರೂ ಜೊತೆಗೊಂದು ಗ್ಯಾಸ್ ಮಾತ್ರೆ ಇರುತ್ತದೆ, ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್. ದೊಡ್ಡ ಡೋಸಿನ ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ಇವು ನಿಧಾನಿಸಬಲ್ಲವು. ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ಅಷ್ಟೇ. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಇನ್ನೂ ಕೆಟ್ಟದ್ದು, ಅದೂ ಫೋಲೇಟ್ ದಾರಿಗೇ ಅಡ್ಡ ಬರುತ್ತದೆ. ವಾರಕ್ಕೊಮ್ಮೆಯ ಸಣ್ಣ ಡೋಸಿನ ಜೊತೆ ಬಂದಾಗಲೂ ಪ್ರಾಣಾಪಾಯ ಆದದ್ದಿದೆ. ಎದೆಯಲ್ಲೋ ಹೊಟ್ಟೆಯಲ್ಲೋ ನೀರು ತುಂಬಿದ ರೋಗಿಗಳಲ್ಲಿ ಔಷಧ ಆ ನೀರಿನಲ್ಲಿ ಸೇರಿಕೊಂಡು ದಿನಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಮರಳುತ್ತದೆ.

ಔಷಧದ ಮಟ್ಟವನ್ನು ರಕ್ತದಲ್ಲಿ ಅಳೆಯುವ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುವ ನಮ್ಮ ದೇಶದಲ್ಲಿ ಈ ಚಿಕಿತ್ಸೆಯನ್ನು ಕೈಬಿಡಬೇಕೇ? ಇದಕ್ಕೆ ಎರಡು ಬಗೆಯ ಉತ್ತರಗಳು ಬಂದಿವೆ. ಚಂಡೀಗಢದ ಪಿಜಿಐ ಆಸ್ಪತ್ರೆಯ ಮಕ್ಕಳ ವೈದ್ಯರು ರಕ್ತದ ಮಟ್ಟವನ್ನು ಅಳೆಯದೆಯೇ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಧಾರಾಳ ಸಲೈನ್‌ನ ಬಲದಿಂದ ಸುರಕ್ಷಿತವಾಗಿ ಕೊಟ್ಟ ಅನುಭವವನ್ನು ಪ್ರಕಟಿಸಿದ್ದಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಆಸ್ಟಿಯೊಸಾರ್ಕೋಮಕ್ಕೆ ದೊಡ್ಡ ಡೋಸಿನ ಮೆಥೊಟ್ರೆಕ್ಸೇಟೇ ಇಲ್ಲದ, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್, ಐಫಾಸ್ಫಮೈಡ್ ಸೇರಿದ ಕ್ರಮವನ್ನು ರೂಪಿಸಿ ಒಳ್ಳೆಯ ಫಲ ತೋರಿಸಿದ್ದಾರೆ. ಪಶ್ಚಿಮದ ಪದ್ಧತಿಯನ್ನು ಅರ್ಧಂಬರ್ಧ ಸೌಲಭ್ಯದಲ್ಲಿ ನಕಲು ಮಾಡುವುದಕ್ಕಿಂತ ಟಾಟಾದ ಮಾರ್ಗವೇ ನಮ್ಮ ಜಿಲ್ಲಾ ಮಟ್ಟದ ಕ್ಯಾನ್ಸರ್ ಕೇಂದ್ರಗಳಿಗೆ ಹೊಂದುತ್ತದೆ ಎಂದು ನನಗೆ ಅನಿಸುತ್ತದೆ. ಲ್ಯುಕೇಮಿಯದ ಮಕ್ಕಳಿಗೆ ಅಂಥ ಆಯ್ಕೆ ಅಷ್ಟು ಸುಲಭವಲ್ಲ.

ಕರ್ನಾಟಕಕ್ಕೆ ಹೆಚ್ಚು ಹತ್ತಿರದ ಮಾತು ಬಾಯಿಯ ಕ್ಯಾನ್ಸರ್‌ನದು. ಗುಟ್ಕಾ, ಹೊಗೆಸೊಪ್ಪು ಸೇರಿದ ಎಲೆ–ಅಡಿಕೆ ನಮ್ಮಲ್ಲಿ ತಂದಿಟ್ಟಿರುವ ಈ ರೋಗದ ಎಷ್ಟೋ ಮಂದಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನೋ ಕಲಬುರಗಿಯ ಅದರ ಶಾಖೆಯನ್ನೋ ತಲುಪುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಅಂಥವರಿಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಡ್ರಿಪ್ ಹಾಕಿಸುವುದೆಂದರೆ ಪ್ರತಿ ಸಲವೂ ಪ್ರಯಾಣ, ಹಾಸಿಗೆ, ಜೊತೆಗೊಬ್ಬರು, ಕೂಲಿ ನಷ್ಟ. ಟಾಟಾ ಮೆಮೋರಿಯಲ್‌ನ ವಿಜಯ್ ಪಾಟೀಲ್ ಮತ್ತು ಸಂಗಡಿಗರು ಇದಕ್ಕೆ ಬದಲಾಗಿ ಬಾಯಲ್ಲಿ ನುಂಗುವ ಎರಡು ಅಗ್ಗದ ಮಾತ್ರೆಗಳನ್ನು ಪರೀಕ್ಷಿಸಿದರು: ವಾರಕ್ಕೊಮ್ಮೆ ಚದರ ಮೀಟರಿಗೆ 15 ಮಿಲಿಗ್ರಾಂ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ 200 ಮಿಲಿಗ್ರಾಂ ಸೆಲೆಕಾಕ್ಸಿಬ್. 422 ರೋಗಿಗಳ ಈ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟವಾಯಿತು. ಮಾತ್ರೆಯ ಗುಂಪಿನಲ್ಲಿ ಬದುಕಿನ ಮಧ್ಯಾಂಕ 7.5 ತಿಂಗಳು, ಡ್ರಿಪ್ಪಿನ ಗುಂಪಿನಲ್ಲಿ 6.1 ತಿಂಗಳು. ತೀವ್ರ ಅಡ್ಡಪರಿಣಾಮ ಮಾತ್ರೆಯವರಲ್ಲಿ ನೂರಕ್ಕೆ 19, ಡ್ರಿಪ್ಪಿನವರಲ್ಲಿ 30.

ಇದನ್ನು ಪವಾಡವೆಂದು ಬಣ್ಣಿಸುವುದು ರೋಗಿಗಳಿಗೆ ಮಾಡುವ ಅನ್ಯಾಯ. ಇಲ್ಲಿ ಸಿಗುವುದು ತಿಂಗಳುಗಳ ಲೆಕ್ಕದ ಬದುಕು. ಶ್ರೀಮಂತ ದೇಶಗಳ ಅತ್ಯುತ್ತಮ ಚಿಕಿತ್ಸೆಯ ಜೊತೆ ಹೋಲಿಸಿಲ್ಲ ಎಂಬ ಟೀಕೆಯೂ ಇದೆ. ಆದರೆ ನಮ್ಮ ರೋಗಿಗೆ ನಿಜವಾಗಿ ಸಿಗುತ್ತಿದ್ದುದು ಸಿಸ್‌ಪ್ಲಾಟಿನ್ನೇ ಆದ್ದರಿಂದ ಹೋಲಿಕೆ ಸರಿಯಾದದ್ದೇ ಎಂದು ನಾನು ತಿಳಿಯುತ್ತೇನೆ. ಉಳಿದ ತಿಂಗಳುಗಳನ್ನು ಆಸ್ಪತ್ರೆಯ ಸಾಲಿನಲ್ಲಿ ಕಳೆಯದೆ ಮನೆಯ ಜಗುಲಿಯಲ್ಲಿ ಕಳೆಯುವುದು ಸಣ್ಣ ಮಾತಲ್ಲ. ಅದೇ ತಂಡ ಮುಂದೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮೂರರ ಜೊತೆ ನಿವೊಲುಮ್ಯಾಬ್ ಎಂಬ ದುಬಾರಿ ಔಷಧವನ್ನು ಬರೀ 20 ಮಿಲಿಗ್ರಾಂನಷ್ಟು ಸೇರಿಸಿ ನೋಡಿತು. ಒಂದು ವರ್ಷ ಬದುಕಿದವರು ನೂರಕ್ಕೆ 16.3ರಿಂದ 43.4ಕ್ಕೆ ಏರಿದರು. ಮನೆಗೆ ಕೊಟ್ಟು ಕಳಿಸುವ ಕೀಮೋ ಹೆಚ್ಚಿದಷ್ಟೂ ನುಂಗಬಾರದ ದಿನ ನುಂಗುವ ಭಯವೂ ಹೆಚ್ಚುತ್ತದೆ. ಇಲ್ಲೂ ಒಂದು ಮಾತ್ರೆ ದಿನಾ, ಒಂದು ವಾರಕ್ಕೊಮ್ಮೆ. ಜೊತೆಗಿರುವ ಸೆಲೆಕಾಕ್ಸಿಬ್ ನೋವಿನ ಮಾತ್ರೆಗಳ ಗುಂಪಿನದೇ ಆದ್ದರಿಂದ, ನೀರು ಕೂಡ ನುಂಗಲಾಗದೆ ಒಣಗಿದ ರೋಗಿಯ ಕ್ರಿಯಾಟಿನಿನ್ ಆಗಾಗ ನೋಡಲೇಬೇಕು.

ಸಂಧಿವಾತದ ಸಣ್ಣ ಡೋಸಿಗೆ ಬಂದರೆ, ಬಹಳ ಜನ ಇದಕ್ಕೆ ಅನಗತ್ಯವಾಗಿ ಹೆದರುತ್ತಾರೆ. ಅಂಗಡಿಯಿಂದ ತಂದ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರ್ ಔಷಧವೆಂದು ಕಂಡು, ಬೆಚ್ಚಿ ಬಿಟ್ಟುಬಿಡುತ್ತಾರೆ. ಇದರ ಅಡ್ಡಪರಿಣಾಮವನ್ನು ಸಂಧಿವಾತ ಇಲ್ಲದವರಲ್ಲಿ, ಪ್ಲಸೀಬೊ ಮಾತ್ರೆಯ ಜೊತೆ ಹೋಲಿಸಿ ಅಳೆದ ದೊಡ್ಡ ಪ್ರಯೋಗವೊಂದಿದೆ. ಅಮೆರಿಕ ಮತ್ತು ಕೆನಡಾದ 4,786 ಹೃದ್ರೋಗಿಗಳಲ್ಲಿ ಒಂದು ಗುಂಪಿಗೆ ವಾರಕ್ಕೆ 15ರಿಂದ 20 ಮಿಲಿಗ್ರಾಂ ಕೊಟ್ಟ ಅದು ಹೃದಯಾಘಾತ ತಡೆಯುವಲ್ಲಿ ಸೋತಿತು. ಆದರೆ ಸುರಕ್ಷತೆಯ ಬಗ್ಗೆ ಅಮೂಲ್ಯ ಮಾಹಿತಿ ಬಿಟ್ಟುಹೋಯಿತು: ಏನಾದರೊಂದು ತೊಂದರೆ ಕಂಡವರು ಮೆಥೊಟ್ರೆಕ್ಸೇಟ್ ಗುಂಪಿನಲ್ಲಿ ನೂರಕ್ಕೆ 87, ಪ್ಲಸೀಬೊ ಗುಂಪಿನಲ್ಲಿ 81.5. ಹೊಟ್ಟೆಯ ತೊಂದರೆ, ಸೋಂಕು, ಶ್ವಾಸಕೋಶದ ಉರಿಯೂತ, ರಕ್ತಕಣಗಳ ಇಳಿಕೆ ತುಸು ಹೆಚ್ಚಿದ್ದವು. ನಿಗಾ ಇಟ್ಟು ಕೊಟ್ಟರೆ ಅಪಾಯವಿದೆ, ಆದರೆ ಸಣ್ಣದು ಎಂದು ಇದರಿಂದ ತಿಳಿಯಬಹುದು. ಜೊತೆಗೆ ಫೋಲಿಕ್ ಆಸಿಡ್ ನುಂಗಿದರೆ ಬಾಯಿಹುಣ್ಣು, ವಾಕರಿಕೆ ಕಡಿಮೆಯಾಗುತ್ತವೆ. ವಾರಕ್ಕೆ 10 ಮಿಲಿಗ್ರಾಂ ಸಾಕು, 30ರಿಂದ ಹೆಚ್ಚಿನ ಲಾಭವಿಲ್ಲ ಎಂದು ಚಂಡೀಗಢದ ಪಿಜಿಐ ಅಧ್ಯಯನವೇ ತೋರಿಸಿದೆ. ಗರ್ಭಿಣಿಯರು ಇದನ್ನು ನುಂಗಲೇಬಾರದು. ಮಗು ಬೇಕೆನ್ನುವ ಹೆಂಗಸು ಕನಿಷ್ಠ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು, ಕೆಲವು ಮಾರ್ಗಸೂಚಿಗಳು ಆರು ತಿಂಗಳು ಎನ್ನುತ್ತವೆ.

ಸಣ್ಣ ಡೋಸಿನಲ್ಲಿ ಜೀವ ತೆಗೆಯುವುದು ದಿನ ತಪ್ಪಿದ ನುಂಗುವಿಕೆ. ಬ್ರಿಟನ್ನಿನ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ 2004ರಲ್ಲಿ ಹಿಂದಿನ ಹತ್ತು ವರ್ಷಗಳ ಲೆಕ್ಕ ತೆಗೆದಾಗ ಬಾಯಲ್ಲಿ ನುಂಗುವ ಮೆಥೊಟ್ರೆಕ್ಸೇಟ್‌ಗೆ ಸಂಬಂಧಿಸಿದ 137 ಘಟನೆಗಳಿದ್ದವು. ಅವುಗಳಲ್ಲಿ 25 ಸಾವು, 26 ಗಂಭೀರ ಹಾನಿ. ಓದುಬರಹ, ದಾಖಲೆ, ಕುಟುಂಬವೈದ್ಯರ ವ್ಯವಸ್ಥೆ ಎಲ್ಲ ಇರುವ ದೇಶದ ಮಾತಿದು. ಇಂಗ್ಲಿಷಿನಲ್ಲಿ ‘ಮಂಡೇ’ ಎಂದು ಬರೆದದ್ದನ್ನು ‘ಮಾರ್ನಿಂಗ್’ ಎಂದು ಓದಿಕೊಂಡು ದಿನಾ ಬೆಳಿಗ್ಗೆ ನುಂಗಿದ ಪ್ರಸಂಗಗಳೂ ವರದಿಯಾಗಿವೆ. 2019ರಲ್ಲಿ ಐರೋಪ್ಯ ಔಷಧ ಸಂಸ್ಥೆ ಮಾತ್ರೆಗಳನ್ನು ಡಬ್ಬಿಯ ಬದಲು ಪಟ್ಟಿಯಲ್ಲೇ ಮಾರಬೇಕು, ವಾರದ ಯಾವ ದಿನ ಎಂದು ಬರೆಯಬೇಕು, ಪೆಟ್ಟಿಗೆಯ ಮೇಲೆ ಎದ್ದುಕಾಣುವ ಎಚ್ಚರಿಕೆ ಇರಬೇಕು, ರೋಗಿಗೆ ಒಂದು ಕಾರ್ಡು ಕೊಡಬೇಕು ಎಂದು ಕ್ರಮಗಳನ್ನು ಹೊರಡಿಸಿತು.

ನಮ್ಮಲ್ಲಿ ತಪ್ಪು ನುಸುಳಲು ದಾರಿಗಳು ಇನ್ನೂ ಹೆಚ್ಚು. ಮೆಡಿಕಲ್ ಶಾಪಿನ ಹುಡುಗ ಪಟ್ಟಿಯ ಹಿಂದೆ ಪೆನ್ನಿನಲ್ಲಿ 1-0-0 ಎಂದು ಗೀಚಿಕೊಡುವ ರೂಢಿ ನಮಗೆಲ್ಲ ಗೊತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ರಾತ್ರಿ ಬೇಡ. ಆ ಬರಹದಲ್ಲಿ ವಾರ ಎಂಬುದಕ್ಕೆ ಜಾಗವೇ ಇಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಫೋಲಿಕ್ ಆಸಿಡ್ ಉಳಿದ ದಿನ. ಎರಡೂ ಚಿಕ್ಕ ಹಳದಿ ಮಾತ್ರೆಗಳಾಗಿರಬಹುದು, ಬ್ರ್ಯಾಂಡ್ ಹೆಸರುಗಳಲ್ಲೂ ಹೋಲಿಕೆ ಇರಬಹುದು. ಒಂದೇ ಔಷಧ 2.5, 5, 7.5, 10, 15 ಮಿಲಿಗ್ರಾಂ ಎಂದು ಹಲವು ಅಳತೆಗಳಲ್ಲಿ ಸಿಗುತ್ತದೆ. ಒಂದೇ ಅಳತೆಯ, ಅಂದರೆ 2.5 ಮಿಲಿಗ್ರಾಂನ ಮಾತ್ರೆಯನ್ನೇ ಬರೆಯಬೇಕೆಂಬ ಬ್ರಿಟನ್ನಿನ ಸಲಹೆಯನ್ನು ನಾವೂ ಪಾಲಿಸಬಹುದು. ಅದಕ್ಕಿಂತ ಮೊದಲು ಆಗಬೇಕಾದದ್ದು ಕಾಸಿನ ಖರ್ಚಿಲ್ಲದ ಕೆಲಸ: ಚೀಟಿಯ ಮೇಲೂ ಪಟ್ಟಿಯ ಮೇಲೂ ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಯುವುದು, ಓದಲು ಬಾರದವರಿಗೆ ವಾರದ ಸಂತೆಯ ದಿನವನ್ನೋ ದೇವರ ವಾರವನ್ನೋ ಗುರುತಾಗಿಟ್ಟು ಹೇಳುವುದು, ಹೇಳಿದ ಮೇಲೆ ಅವರ ಬಾಯಲ್ಲಿ ಒಮ್ಮೆ ಹೇಳಿಸುವುದು. ನಾಲ್ಕು ವಾರಕ್ಕೆ ಬೇಕಾದಷ್ಟೇ ಮಾತ್ರೆ ಕೊಟ್ಟರೆ, ತಪ್ಪಿದರೂ ಹಾನಿಗೆ ಒಂದು ಮಿತಿ ಇರುತ್ತದೆ.

ತಪ್ಪು ಬಯಲಾಗುವ ಬಗೆ ಹೆಚ್ಚುಕಡಿಮೆ ಎಲ್ಲ ವರದಿಗಳಲ್ಲೂ ಒಂದೇ. ಮೊದಲು ಬಾಯಿ ತುಂಬ ಹುಣ್ಣು, ಅನ್ನ ಸಾರು ಮುಟ್ಟಲಾಗದ ಉರಿ. ಸೋರಿಯಾಸಿಸ್ ಇರುವವರಲ್ಲಿ ಹಳೆಯ ಕಲೆಗಳೇ ಸುಲಿದು ಹಸಿಯಾಗುತ್ತವೆ. ಆಮೇಲೆ ಭೇದಿ, ಜ್ವರ, ಮೈಮೇಲೆ ಕೆಂಪು ಚುಕ್ಕೆ. ಸ್ಥಳೀಯ ವೈದ್ಯರು ಬಾಯಿಹುಣ್ಣಿಗೆ ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸಿ, ಎರಡು ಮೂರು ದಿನ ಕಳೆದಿರುತ್ತದೆ. ಬ್ಲಡ್ ಕೌಂಟ್ ಮಾಡಿಸಿದಾಗ ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಪಾತಾಳಕ್ಕಿಳಿದಿರುತ್ತವೆ. ಡೆಂಗಿಯ ಕಾಲದಲ್ಲಿ ಜ್ವರ, ಚುಕ್ಕೆ, ಪ್ಲೇಟ್‌ಲೆಟ್ ಇಳಿಕೆ ಮೂರೂ ಸೇರಿದರೆ ಮನಸ್ಸು ಮೊದಲು ಡೆಂಗಿಯ ಕಡೆಗೇ ಓಡುತ್ತದೆ. ಕೀಲುನೋವಿನ ಅಥವಾ ಚರ್ಮರೋಗದ ಮಾತ್ರೆ ನುಂಗುವ, ವಯಸ್ಸಾದ, ಬಾಯಿಹುಣ್ಣು ಇರುವ ಯಾರೇ ಬಂದರೂ ಮಾತ್ರೆಯ ಪಟ್ಟಿ ತರಿಸಿ ನೋಡಬೇಕು.

ಇನ್ನೊಂದು ಅಪಾಯ ಕಾರ್ಖಾನೆಯಿಂದ ಬರುವುದು, ಅದನ್ನು ರೋಗಿಯೂ ವೈದ್ಯರೂ ಕಣ್ಣಾರೆ ಗುರುತಿಸಲಾರರು. 2007ರಲ್ಲಿ ಶಾಂಘೈನ ಕಾರ್ಖಾನೆಯೊಂದರ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲಿ ವಿನ್‌ಕ್ರಿಸ್ಟಿನ್ ಅಂಶ ಬೆರೆತು, ಬೆನ್ನಿಗೆ ಚುಚ್ಚಿಸಿಕೊಂಡ ನೂರಕ್ಕೂ ಹೆಚ್ಚು ರೋಗಿಗಳ ಕಾಲು ಸೋತವು. 2022ರ ಕೊನೆಗೆ ಯೆಮನ್ ಮತ್ತು ಲೆಬನಾನ್‌ಗಳಲ್ಲಿ ಮಕ್ಕಳಿಗೆ ಕೊಟ್ಟ ಇಂಜೆಕ್ಷನ್ನಿನ ಒಂದು ಬ್ಯಾಚ್‌ನಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಅದು ಭಾರತದಲ್ಲಿ ತಯಾರಾದ ಬ್ಯಾಚ್, ಅಧಿಕೃತ ಸರಬರಾಜಿನ ಹೊರಗಿನಿಂದ ಅಲ್ಲಿಗೆ ತಲುಪಿತ್ತು. ಅಗ್ಗದ ಔಷಧವನ್ನು ಜಗತ್ತಿಗೆಲ್ಲ ಒದಗಿಸುವ ದೇಶ ನಮ್ಮದು. ಬೆನ್ನಿಗೆ ಚುಚ್ಚುವ ಔಷಧದ ಬ್ಯಾಚ್‌ಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಪರೀಕ್ಷಿಸುವ ಹೊಣೆಯೂ ಅದರ ಜೊತೆಗೇ ಬರುತ್ತದೆ.

ವಿಷವೇರಿದ ರೋಗಿ ಬಂದಾಗ ಮಾಡಬೇಕಾದದ್ದು ಸ್ಪಷ್ಟವಾಗಿದೆ. ಮೆಥೊಟ್ರೆಕ್ಸೇಟ್ ನಿಲ್ಲಿಸಿ, ಸಲೈನ್ ಏರಿಸಿ, ರಕ್ತದ ಮಟ್ಟದ ವರದಿಗೆ ಕಾಯದೆ ಲ್ಯೂಕೊವೊರಿನ್ ಶುರು ಮಾಡಬೇಕು. ದಿನಾ ನುಂಗಿದವರಲ್ಲಿ ರಕ್ತದ ಮಟ್ಟ ಸೊನ್ನೆಗೆ ಹತ್ತಿರವಿದ್ದರೂ ಕೋಶಗಳ ಒಳಗೆ ಔಷಧ ಕೂತಿರುತ್ತದೆ; ಆ ವರದಿ ನೋಡಿ ಸಮಾಧಾನಪಡುವಂತಿಲ್ಲ. ಫೋಲಿಕ್ ಆಸಿಡ್ ಮಾತ್ರೆ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಅದನ್ನು ಬಳಕೆಗೆ ತರುವ ಕಿಣ್ವವೇ ಕಟ್ಟಿಬಿದ್ದಿರುತ್ತದೆ. ಲ್ಯೂಕೊವೊರಿನ್ ಹಳೆಯ ಔಷಧ, ಕೈಗೆಟುಕುವ ಬೆಲೆಯದು. ಆದರೆ ಇದು ಸಾಮಾನ್ಯವಾಗಿ ಇರುವುದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ. ದಿನಾ ಮಾತ್ರೆ ನುಂಗಿ ಬಾಯಿ ಹುಣ್ಣಾದ ಮುದುಕಿ ಮೊದಲು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ರಾಯಚೂರಿನ ಹಳ್ಳಿಯಿಂದಲೋ ಮಲೆನಾಡಿನ ಮೂಲೆಯಿಂದಲೋ ಬೆಂಗಳೂರು ತಲುಪುವಷ್ಟರಲ್ಲಿ ಕಳೆದುಹೋಗುವ ಒಂದೆರಡು ದಿನ ಈ ವಿಷದಲ್ಲಿ ಬಲು ದೊಡ್ಡ ಅಂತರ. ಪ್ರತಿ ಜಿಲ್ಲಾ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಒಬ್ಬ ರೋಗಿಗೆ ಮೂರು ದಿನಕ್ಕೆ ಸಾಕಾಗುವಷ್ಟು ಲ್ಯೂಕೊವೊರಿನ್ ವಯಲ್‌ಗಳು, ಹಾವಿನ ವಿಷದ ಮದ್ದಿನ ಹಾಗೆ, ಸದಾ ದಾಸ್ತಾನಿರಬೇಕು.